ಲ್ಯಾಬಿಗೆ ಹೋಗುವ ಮೊದಲೇ ನಾಮಕರಣ

ಕುಂಬಳೆ ಪೇಟೆಯಲ್ಲಿ ಚಾ ಕುಡೀತಾ ಇದ್ದೆ. ಪಕ್ಕದವರು ಮೊಬೈಲ್ ಮುಂದೆ ಹಿಡಿದು "ನೋಡಿ ಮಾಷ್ಟ್ರೇ, ಪುನಾ ಎಂಡಿಎಂಎ" ಅಂದರು. ಹಿಡಿದ ಮಾದಕ ವಸ್ತುವಿನ ಫೋಟೋ ಅದು: ಪ್ಲಾಸ್ಟಿಕ್ ತೊಟ್ಟೆ, ಬಿಳಿ ಹರಳು, ಅಂಗೈ ಅಗಲದ ತಕ್ಕಡಿ. ಎಷ್ಟು ಗ್ರಾಂ ಅಂತ ಎಲ್ಲರಿಗೂ ಬೇಕು. ಅದು ಏನು ಅಂತ ಯಾರಿಗೂ ಬೇಡ.

ನನಗೆ ಯಾಕೆ ಸಿಟ್ಟು ಬರ್ತದೆ ಅಂತ ನಿಮಗೆ ಗೊತ್ತಲ್ವಾ, ಮೇಷ್ಟ್ರಾಗುವ ಮೊದಲು ಮಂಗಳೂರಿನ ಲ್ಯಾಬಿನಲ್ಲಿ ವಸ್ತು ಯಾವುದು ಅಂತ ಗುರುತಿಸುವ ಜಿಸಿ-ಎಂಎಸ್ ಮೆಷಿನ್ ಮುಂದೆ ಕೂತು ಬೆನ್ನು ಹಾಳು ಮಾಡಿಕೊಂಡವನು ನಾನು. ಬಣ್ಣ ನೋಡಿ ಅಂದಾಜು ಮಾಡುವ ಮಾರ್ಕಿಸ್ ದ್ರಾವಣದ ಹನಿ ಬಿದ್ದರೆ ಎಂಡಿಎಂಎ ನೇರಳೆಗೆ ತಿರುಗಿ ಕಪ್ಪಾಗ್ತದೆ, ಮೆಥಾಂಫೆಟಮಿನ್ (ಮೆಥ್ ಅಂತಾರಲ್ಲ, ಇನ್ನೊಂದು ಮಾದಕ ವಸ್ತು) ಕಿತ್ತಳೆ-ಕಂದು. ಅದು ಬರೀ ಅನುಮಾನ ಮಾರಾಯ್ರೇ, ಗುರುತು ಅಲ್ಲ. ಎರಡು ಮೂರು ಬೆರೆತಿದ್ದರೆ ಆ ಕಪ್ಪು ಉಳಿದದ್ದನ್ನೆಲ್ಲ ಮುಚ್ಚಿಬಿಡ್ತದೆ.

ಮೆಷಿನ್ನಿಗೂ ಸುಲಭ ಇಲ್ಲ. ಅದು ವಸ್ತುವನ್ನು ಆವಿ ಮಾಡಿ, ಎಲೆಕ್ಟ್ರಾನಿನಿಂದ ಹೊಡೆದು, ಅಣುವಿನ ಚೂರುಗಳನ್ನು ತೂಗುತ್ತದೆ. ಪ್ರತಿ ಚೂರಿನ ತೂಕಕ್ಕೆ ಒಂದು ಗೆರೆ. ಎಂಡಿಎಂಎ, ಮೆಥ್, ಇನ್ನೊಂದು ಮಾದಕ ವಸ್ತು ಮೆಫೆಡ್ರೋನ್, ಮೂರಕ್ಕೂ ಎಲ್ಲಕ್ಕಿಂತ ಎತ್ತರದ ಗೆರೆ 58ರಲ್ಲೇ! ಉಳಿದ ಸಣ್ಣ ಗೆರೆಗಳನ್ನು ನೋಡಬೇಕು, ಎಷ್ಟು ಹೊತ್ತಿಗೆ ಹೊರಬಂತು ಅಂತ ನೋಡಬೇಕು. ಮೆಫೆಡ್ರೋನಿನ ಉಂಗುರದಲ್ಲಿ 4ನೇ ಜಾಗದಲ್ಲಿರುವ ಮೀಥೈಲ್ ಎಂಬ ಪುಟ್ಟ ಪರಮಾಣು ಗುಂಪನ್ನು 3ಕ್ಕೆ ಸರಿಸಿದರೆ ಹೊಸ ವಸ್ತು, ಆದರೆ ಚೂರುಗಳು ಹೆಚ್ಚುಕಡಿಮೆ ಅವೇ. ಆಗ ಇನ್‌ಫ್ರಾರೆಡ್ ಬೇಕು, ಎನ್‌ಎಂಆರ್ ಬೇಕು (ಅಣುವಿನ ರಚನೆ ಹೇಳುವ ಬೇರೆ ಪರೀಕ್ಷೆಗಳು ಅವು), ಹೋಲಿಸಲಿಕ್ಕೆ ಶುದ್ಧ ಮಾದರಿ ಬೇಕು. ನಿನ್ನೆ ಮೊನ್ನೆ ಹುಟ್ಟಿದ್ದಕ್ಕೆ ಮಾದರಿ ಎಲ್ಲಿಂದ ತರ್ತೀರಿ? ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಇಂಥ ಹೊಸ ಮಾದಕ ವಸ್ತುಗಳು 1,200 ದಾಟಿವೆ. ಹೇಳಬಾರದು, ಆದರೂ ಹೇಳ್ತೇನೆ: ಆ ಒಂದು ಮೀಥೈಲ್ ಸರಿಸಿದ ಕಳ್ಳ ಕೆಮಿಸ್ಟನ ಮೇಲೆ ನನಗೆ ಒಳಗೊಳಗೇ ಮೆಚ್ಚುಗೆ.

ಯುರೋಪಿನಲ್ಲಿ ‘ಸ್ಪೈಸ್’ ಅಂತ ಸೊಪ್ಪಿನ ಪೊಟ್ಟಣ ರಾಜಾರೋಷವಾಗಿ ಮಾರಾಟ ಆಗ್ತಿತ್ತು. ಸೇದಿದವರಿಗೆ ಅಮಲು, ಗಾಂಜಾ ಪರೀಕ್ಷೆಯಲ್ಲಿ ಏನೂ ಇಲ್ಲ. 2008ರ ಡಿಸೆಂಬರ್‌ನಲ್ಲಿ ಜರ್ಮನಿಯ ಒಂದು ಲ್ಯಾಬ್ ಅದರಲ್ಲಿ ಜೆಡಬ್ಲ್ಯುಎಚ್-018 ಎಂಬ, ಗಾಂಜಾದ ಹಾಗೆ ಅಮಲೇರಿಸುವ ಕೃತಕ ರಾಸಾಯನಿಕ ಹಿಡಿಯಿತು. ಅಮೆರಿಕದ ಪ್ರೊಫೆಸರ್ ಜಾನ್ ಹಫ್‌ಮನ್ ಸಂಶೋಧನೆಗೆಂದು ಮಾಡಿದ್ದ ಅಣು ಅದು. ಏನು ಹುಡುಕಬೇಕು ಅಂತಲೇ ಗೊತ್ತಿಲ್ಲದಿದ್ದರೆ ಮೆಷಿನ್ ಇದ್ದೂ ಏನು ಪ್ರಯೋಜನ?

"ಯಾವುದಾದರೇನು, ವಿಷ ವಿಷವೇ" ಅಂತ ಹೇಳುವವರು ಬಂದೇ ಬರ್ತಾರೆ. ಸರಿ ಸ್ವಾಮಿ, ಲೆಕ್ಕ ಹಾಕಿ. ತೊಟ್ಟೆಯಲ್ಲಿ 15 ಗ್ರಾಂ ಇದೆ ಅಂತಿಟ್ಟುಕೊಳ್ಳಿ. ಎಂಡಿಎಂಎ ಆದರೆ ಮಾದಕ ವಸ್ತು ಕಾನೂನಿನಲ್ಲಿ ಅದು ವಾಣಿಜ್ಯ ಪ್ರಮಾಣ, ಯಾಕಂದರೆ ಅದರ ಮಿತಿ 10 ಗ್ರಾಂ. ಕನಿಷ್ಠ ಹತ್ತು ವರ್ಷ ಜೈಲು, ಜಾಮೀನು ಸಿಗುವುದೂ ಕಷ್ಟ. ಅದೇ ಮೆಥ್ ಆದರೆ ಮಿತಿ 50 ಗ್ರಾಂ, ಕೇಸಿನ ತೂಕವೇ ಬೇರೆ. ಆಸ್ಪತ್ರೆಯಲ್ಲೂ ಅಷ್ಟೇ. ಪುಡಿಯಲ್ಲಿ ನೈಟಜೀನ್ ಎಂಬ ಅಫೀಮಿನಂಥ ಕೃತಕ ಮಾದಕ ಇದ್ದು ಹುಡುಗನ ಉಸಿರು ನಿಲ್ಲುತ್ತಿದ್ದರೆ, ಆ ಜಾತಿಯ ಅಮಲಿಗೆ ಪ್ರತಿಮದ್ದಾದ ನಲಾಕ್ಸೋನ್ ಕೊಟ್ಟು ಉಳಿಸಬಹುದು. ಬರೀ ಎಂಡಿಎಂಎ ಆಗಿದ್ದರೆ ಅದೇ ಮದ್ದಿನಿಂದ ಏನೂ ಆಗೋದಿಲ್ಲ. ವಿಷ ವಿಷವೇ ಅಂತೆ!

ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿ ಗಾಡಿ ತಡೆದು ಹುಡುಕುವವರ ಕೆಲಸ ಸಣ್ಣದಲ್ಲ, ನಾನು ಅವರನ್ನು ಬೈತಾ ಇಲ್ಲ. ಹಿಡಿದ ಫೋಟೋಕ್ಕೆ ಎಷ್ಟು ಲೈಕ್ ಇದೆಯೋ ಅಷ್ಟೇ ಆಸಕ್ತಿ ಲ್ಯಾಬ್ ವರದಿಗೂ ಇರಲಿ ಅಂತ ಕೇಳ್ತಿದ್ದೇನೆ. ತಿಂಗಳು ಕಳೆದು ವರದಿಯಲ್ಲಿ ಬೇರೆಯೇ ಹೆಸರು ಬಂದರೆ ಆ ಸುದ್ದಿ ಯಾವ ಗ್ರೂಪಿಗೂ ಬರುವುದಿಲ್ಲ. ನಿಮ್ಮ ಗ್ರೂಪಿಗೆ ಯಾವತ್ತಾದರೂ ಬಂದಿದ್ದರೆ ಸ್ಕ್ರೀನ್‌ಶಾಟ್ ಹಾಕಿ, ನೋಡುವ.