ಸ್ಪಷ್ಟನೆ: ಚಿಲಿಯ ಆಫ್ರಿಕನ್ ಮೂಲದವರೆಲ್ಲ ಹೊಸ ವಲಸಿಗರಲ್ಲ

‘ಚಿಲಿಯಲ್ಲಿರುವ ಕಪ್ಪು ಜನರೆಲ್ಲ ಈಚೆಗೆ ಹೈಟಿ, ಕೊಲಂಬಿಯಾಗಳಿಂದ ಬಂದವರು, ಅಲ್ಲಿನ ಸರ್ಕಾರ ಅವರಿಗೆ ಯಾವ ಮಾನ್ಯತೆಯನ್ನೂ ಕೊಟ್ಟಿಲ್ಲ’ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರ ಎರಡೂ ಮಾತುಗಳು ತಪ್ಪು.

ಹೈಟಿಯಿಂದ ಈಚೆಗೆ ವಲಸೆ ನಡೆದಿರುವುದು ನಿಜ. ಆದರೆ ಉತ್ತರದ ಅರಿಕಾ ಬಂದರು ಮತ್ತು ಅದರ ಪಕ್ಕದ ಅಸಪಾ ಕಣಿವೆಯಲ್ಲಿ, ಸ್ಪೇನಿನ ಆಳ್ವಿಕೆಯ ಕಾಲದಲ್ಲಿ ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಂಶಸ್ಥರು ತಲೆಮಾರುಗಳಿಂದ ಬದುಕಿದ್ದಾರೆ. ಚಿಲಿ 1823ರಲ್ಲೇ ಗುಲಾಮಗಿರಿಯನ್ನು ರದ್ದುಪಡಿಸಿತಾದರೂ ಅರಿಕಾ ಆಗ ಪೆರುವಿನ ಭಾಗವಾಗಿತ್ತು, ಅಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1854ರಲ್ಲಿ. 1879ರಲ್ಲಿ ಆರಂಭವಾದ ಯುದ್ಧದಲ್ಲಿ ಚಿಲಿ ಈ ಪ್ರದೇಶವನ್ನು ವಶಪಡಿಸಿಕೊಂಡ ಬಳಿಕ, ಕಪ್ಪು ಬಣ್ಣವನ್ನು ಪೆರುವಿನವರ ಗುರುತೆಂದು ಕಾಣಲಾದ್ದರಿಂದ ಎಷ್ಟೋ ಕುಟುಂಬಗಳು ತಮ್ಮ ಮೂಲವನ್ನು ಮರೆಮಾಚಬೇಕಾಯಿತು. ‘ಅಲ್ಲಿ ಅಂಥವರೇ ಇಲ್ಲ’ ಎಂಬ ನಂಬಿಕೆಗೆ ಬೇರು ಇರುವುದು ಈ ನೋವಿನಲ್ಲಿ.

2000ದ ನಂತರ ‘ಓರೊ ನೆಗ್ರೊ’, ‘ಲುಂಬಾಂಗಾ’ದಂಥ ಸಂಘಟನೆಗಳು ಮಾನ್ಯತೆಗಾಗಿ ಹೋರಾಡಿದವು. ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ಸಮೀಕ್ಷೆ ಅರಿಕಾ–ಪರಿನಕೋಟಾ ಪ್ರಾಂತ್ಯದಲ್ಲಿ 8,415 ಆಫ್ರಿಕನ್ ಮೂಲದವರನ್ನು ಗುರುತಿಸಿತು. 2019ರ ಏಪ್ರಿಲ್‌ನಲ್ಲಿ ಪ್ರಕಟವಾದ 21.151ನೇ ಸಂಖ್ಯೆಯ ಕಾನೂನು ಇವರನ್ನು ‘ಆಫ್ರಿಕನ್ ಮೂಲದ ಚಿಲಿಯ ಬುಡಕಟ್ಟು ಜನ’ ಎಂದು ಮಾನ್ಯ ಮಾಡಿದೆ. ಇಲ್ಲಿ ‘ಬುಡಕಟ್ಟು’ ಎಂಬುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೇ ಒಡಂಬಡಿಕೆಯ ಅರ್ಥವಿದೆ: ತಮ್ಮದೇ ಸಂಸ್ಕೃತಿ, ಸಂಪ್ರದಾಯಗಳಿಂದ ದೇಶದ ಇತರರಿಗಿಂತ ಭಿನ್ನವಾಗಿರುವ ಸಮುದಾಯ. ಚಿಲಿಯ ಮೂಲನಿವಾಸಿಗಳಾದ ಮಾಪುಚೆಯರಂತೆ ಇವರೂ ಮೂಲನಿವಾಸಿಗಳೆಂದು ಈ ಕಾನೂನು ಹೇಳುವುದಿಲ್ಲ.

ಆ ತಪ್ಪು ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.