ಸಕಾಲಕ್ಕೆ ಹಿಡಿದ ರಾಹುಕಾಲ

ಹಾವೇರಿ ಕಡೆಯ ಆ ಬಸ್ಸಿನ ಕಥೆ ನಿಮಗೆಲ್ಲ ಗೊತ್ತೇ ಇದೆ. 2025ರ ಏಪ್ರಿಲ್ ಕೊನೆಯಲ್ಲಿ ಸಾರಿಗೆ ಸಂಸ್ಥೆಯ ಚಾಲಕ ಕಂ ನಿರ್ವಾಹಕರೊಬ್ಬರು ದಾರಿ ಮಧ್ಯೆ ಬಸ್ಸು ನಿಲ್ಲಿಸಿ ನಮಾಜ್ ಮಾಡಿದರು, ಯಾರೋ ವಿಡಿಯೊ ಮಾಡಿದರು, ಸಚಿವ ರಾಮಲಿಂಗಾ ರೆಡ್ಡಿ ತನಿಖೆಗೆ ಹೇಳಿದರು, ಆತ ಅಮಾನತಾದರು. ಕೆಲಸದ ಹೊತ್ತಿನಲ್ಲಿ ಕೆಲಸ, ಮಿಕ್ಕ ಹೊತ್ತಿನಲ್ಲಿ ದೇವರು. ನನ್ನದೇನೂ ತಕರಾರಿಲ್ಲ.

ಆ ವಿಡಿಯೊ ಊರೆಲ್ಲ ಸುತ್ತಿ ನಮ್ಮ ಕಚೇರಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುವಷ್ಟರಲ್ಲಿ ಮುಂದಿನ ಮಂಗಳವಾರವಾಗಿತ್ತು. ಕಳಿಸಿದವರು ಪಕ್ಕದ ಮೇಜಿನ ಶಾಸ್ತ್ರಿಗಳು. ಕೆಳಗೆ ಸಾಲಾಗಿ ಕೆಂಪು ಮುಖದ ಎಮೋಜಿ, ಅದರ ಕೆಳಗೆ ಒಂದು ಪ್ರಶ್ನೆ: ‘ಡ್ಯೂಟಿ ಟೈಮಲ್ಲಿ ಇದೆಲ್ಲಾ ಬೇಕಾ? ಜನ ಕಾಯ್ಬೇಕಾ?’ ಗಡಿಯಾರ ನೋಡಿದೆ. ಮಧ್ಯಾಹ್ನ ಮೂರು ಹತ್ತು. ಕೌಂಟರಿನ ಆಚೆ ಜನ ಕಾಯುತ್ತಿದ್ದರು. ಈಚೆ ಶಾಸ್ತ್ರಿಗಳು ಪೆನ್ನಿಗೆ ಮುಚ್ಚಳ ಹಾಕಿ, ಕಡತ ಮಗುಚಿಟ್ಟು, ರಾಹುಕಾಲ ಕಳೆಯಲೆಂದು ಕೂತಿದ್ದರು. ಮಂಗಳವಾರ ಮೂರರಿಂದ ನಾಲ್ಕೂವರೆವರೆಗೆ ಅವರು ಹೊಸ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ವಿಡಿಯೊ ಫಾರ್ವರ್ಡ್ ಮಾಡುವುದು ಹೊಸ ಕೆಲಸವಲ್ಲ.

ಶಾಸ್ತ್ರಿಗಳು ಅನ್ನುವುದು ನಾವಿಟ್ಟ ಹೆಸರು. ಹುಟ್ಟಿನಿಂದ ಬಂದದ್ದಲ್ಲ, ಇಲಾಖೆಗೆ ಸೇರಿದ ಮೇಲೆ ಸಿಕ್ಕ ಬಡ್ತಿ. ನಮ್ಮದು ತಾಲ್ಲೂಕು ಮಟ್ಟದ ಒಂದು ಕಚೇರಿ. ಪಿಂಚಣಿ ಟೇಬಲ್ಲಿಗೆ ಅವರು ವಿಷಯ ನಿರ್ವಾಹಕರು, ಜೊತೆಗೆ ಎಸ್ಟಾಬ್ಲಿಷ್‌ಮೆಂಟ್ ಚಾರ್ಜೂ ಅವರದ್ದೇ. ಅಂದರೆ ನನ್ನ ರಜೆ, ನನ್ನ ಇನ್‌ಕ್ರಿಮೆಂಟು, ಸಂಬಳದ ಬಿಲ್ಲು ಎಲ್ಲ ಅವರ ಕೈ ದಾಟಿ ಬರಬೇಕು. ಇದೊಂದು ನೆನಪಿಟ್ಟುಕೊಳ್ಳಿ. ಮುಂದೆ ನಾನು ಯಾಕೆ ಹಲ್ಲು ಕಚ್ಚಿಕೊಂಡಿರುತ್ತೇನೆ ಎಂದು ಕೇಳುವ ತೊಂದರೆ ತಪ್ಪುತ್ತದೆ.

ಪಂಚಾಂಗವನ್ನು ಕಚೇರಿ ವೇಳೆಯ ಪಕ್ಕದಲ್ಲಿಟ್ಟು ನೋಡುವ ಭಾಗ್ಯ ನಿಮಗೆ ಸಿಕ್ಕಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಆಗಿನ್ನೂ ಕಚೇರಿ ಬೀಗವೇ ತೆಗೆದಿರುವುದಿಲ್ಲ. ರಾಹು ಪಾಪ, ಸೋಮವಾರ ಒಂದು ದಿನ ನಮ್ಮನ್ನು ಕೆಲಸ ಮಾಡಲು ಬಿಟ್ಟಿದ್ದಾನೆ ಅಂದುಕೊಂಡರೆ ಹತ್ತೂವರೆಯಿಂದ ಹನ್ನೆರಡರವರೆಗೆ ಯಮಗಂಡ ಕಾಲ ಬಂದು ಕೂರುತ್ತದೆ. ಬುಧವಾರ ಹನ್ನೆರಡರಿಂದ ಒಂದೂವರೆ ರಾಹು, ಆಮೇಲೆ ಊಟ. ಗುರುವಾರ ಒಂದೂವರೆಯಿಂದ ಮೂರು. ಊಟದ ಹೊತ್ತನ್ನೂ ಸೇರಿಸಿಕೊಂಡು ಬರುವುದರಿಂದ ಗುರುವಾರದ ರಾಹು ಸ್ವಲ್ಪ ಸಭ್ಯಸ್ಥ. ಶುಕ್ರವಾರ ಮಾತ್ರ ಕೇಳಲೇಬೇಡಿ. ಬೆಳಗ್ಗೆ ಹತ್ತೂವರೆಯಿಂದ ಹನ್ನೆರಡು ರಾಹು, ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಯಮಗಂಡ, ನಡುವೆ ಊಟ, ಊಟದ ನಂತರದ ಎಲೆಅಡಿಕೆ. ವಾರದ ನಾಲ್ಕು ದಿನಗಳಲ್ಲಿ ರಾಹು ಒಬ್ಬನೇ ಆರು ಗಂಟೆ ತಿನ್ನುತ್ತಾನೆ. ನಮ್ಮ ಇಲಾಖೆಯಲ್ಲಿ ಇಷ್ಟು ನಿಯಮಿತವಾಗಿ ಹಾಜರಾತಿ ಕೊಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಈ ಪಟ್ಟಿಯ ಬುಡದಲ್ಲಿರುವ ಲೆಕ್ಕವೇ ಸೊಗಸು. ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆಂದು ಹಿಡಿದು, ಹಗಲನ್ನು ಎಂಟು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೂವರೆ ಗಂಟೆ. ಸೂರ್ಯ ವರ್ಷವಿಡೀ ಆರಕ್ಕೆ ಸರಿಯಾಗಿ ಡ್ಯೂಟಿಗೆ ಬರಬೇಕೆಂದು ಬಯಸುವ ಮಹನೀಯರು ತಾವು ಬರುವುದು ಹತ್ತೂಮುಕ್ಕಾಲಿಗೆ.

ಇನ್ನು ಗುಳಿಕ ಕಾಲ. ಗುಳಿಕ ಕಾಲದಲ್ಲಿ ಮಾಡಿದ್ದು ಮತ್ತೆ ಮತ್ತೆ ಮರುಕಳಿಸುತ್ತದೆಂದು ನಂಬಿಕೆ. ಹಾಗಾಗಿ ಆ ಹೊತ್ತಿನಲ್ಲಿ ಸಾವಿನ ಕಾರ್ಯ ಮಾಡಬಾರದು, ಒಳ್ಳೆಯ ಕೆಲಸಕ್ಕೆ ಅಡ್ಡಿಯಿಲ್ಲ. ಬುಧವಾರ ಹತ್ತೂವರೆಯಿಂದ ಹನ್ನೆರಡು, ಮಂಗಳವಾರ ಹನ್ನೆರಡರಿಂದ ಒಂದೂವರೆ. ಕೌಂಟರಿನ ಕೆಳಗಿಂದ ಮಡಚಿದ ನೋಟು ಈಚೆ ಬರುವುದು ಬಹುಪಾಲು ಇದೇ ವೇಳೆಯಲ್ಲಿ ಎಂಬುದನ್ನು ನಾನು ಯಾವುದೇ ದುರುದ್ದೇಶವಿಲ್ಲದೆ ಗಮನಿಸಿದ್ದೇನೆ. ಮಾಮೂಲು ಮಾಮೂಲಾಗಿಯೇ ಉಳಿಯಬೇಕಾದರೆ ಇಷ್ಟಾದರೂ ಶಾಸ್ತ್ರಜ್ಞಾನ ಬೇಡವೇ?

ಶಾಸ್ತ್ರಿಗಳೊಬ್ಬರನ್ನೇ ದೂರಿ ಏನು ಪ್ರಯೋಜನ ಹೇಳಿ. ಅವರು ಮೇಲೆ ನೋಡಿ ಕಲಿತವರು. ವಿಧಾನಸೌಧದಲ್ಲಿ ಮುಖ್ಯಮಂತ್ರಿಗಳ ಕೊಠಡಿಯ ಒಂದು ಬಾಗಿಲನ್ನು ವಾಸ್ತು ಸರಿಯಿಲ್ಲವೆಂದು ಮುಚ್ಚಿಟ್ಟಿದ್ದರು. 2023ರಲ್ಲಿ ಸಿದ್ದರಾಮಯ್ಯ ಅದನ್ನು ತೆಗೆಸಿ ಒಳಗೆ ಹೋದದ್ದೇ ಸುದ್ದಿಯಾಯಿತು. ಬಾಗಿಲು ತೆಗೆದು ಒಳಹೋಗುವುದು ಸುದ್ದಿಯಾಗುವ ರಾಜ್ಯ ನಮ್ಮದು. ಅದೇ ಸಿದ್ದರಾಮಯ್ಯನವರ ಕಾರಿನ ಮೇಲೆ 2016ರಲ್ಲಿ ಕಾಗೆಯೊಂದು ಕೂತಿತ್ತು. ಆಮೇಲೆ ಹೊಸ ಕಾರು ಬಂತು. ಕಾಗೆಗೂ ಕಾರಿಗೂ ಸಂಬಂಧವಿಲ್ಲ ಎಂದು ಅವರು ಹೇಳಿದರು. ನಾನು ನಂಬಿದೆ. ಟಿವಿಯವರು ನಂಬಲಿಲ್ಲ, ಆ ಕಾಗೆಗೆ ಸಿಕ್ಕಷ್ಟು ಪ್ರಸಾರ ಸಮಯ ಆ ವರ್ಷದ ಬರಗಾಲಕ್ಕೆ ಸಿಗಲಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಎಷ್ಟೋ ಮುಖ್ಯಮಂತ್ರಿಗಳು ಆ ಜಿಲ್ಲೆಯ ಜನರ ಕಷ್ಟವನ್ನು ದೂರದಿಂದಲೇ ಕೇಳಿಸಿಕೊಂಡರು. ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಓಡಾಡುತ್ತಿದ್ದ ಸಚಿವರ ಹೆಸರು ನಾನು ಹೇಳಬೇಕಾಗಿಲ್ಲ.

ಆಯುಧಪೂಜೆಗೆ ವಿಧಾನಸೌಧದ ಮೊಗಸಾಲೆಗಳಲ್ಲಿ ರಾಸಾಯನಿಕ ಬಣ್ಣ ಬಳಸಬೇಡಿ, ನೆಲದ ಕಲೆ ಹೋಗುವುದಿಲ್ಲ ಎಂದು 2023ರಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿದ್ದೂ ನೆನಪಿರಬಹುದು. ಪೂಜೆ ಮಾಡಬೇಡಿ ಎಂದಿರಲಿಲ್ಲ, ನೆಲ ಕೆಡಿಸಬೇಡಿ ಎಂದಿತ್ತು. ಅಷ್ಟಕ್ಕೇ ಧರ್ಮಕ್ಕೆ ಅಪಾಯ ಬಂತು. ನಮ್ಮಲ್ಲಿ ನೆಲದ ಚಿಂತೆಯಿಲ್ಲ, ಅದು ಕೆಡುವಷ್ಟು ಕೆಟ್ಟಾಗಿದೆ. ಕುಂಕುಮ ಬೀಳುವುದು ಕೀಬೋರ್ಡಿನ ಸಂದಿಗೆ. ಕಳೆದ ಆಯುಧಪೂಜೆಯಾದ ಮೇಲೆ ನನ್ನ ಕಂಪ್ಯೂಟರಿನಲ್ಲಿ ಸ್ಪೇಸ್ ಬಾರ್ ಒತ್ತಿದರೆ ಏಳುವುದೇ ಇಲ್ಲ. ‘ಮಂಗಳದ್ರವ್ಯ ರೀ, ಒರೆಸಬಾರದು’ ಎಂದು ಶಾಸ್ತ್ರಿಗಳು ಕೈ ಹಿಡಿದರು. ಆವತ್ತಿನಿಂದ ನನ್ನ ಟಿಪ್ಪಣಿಗಳಲ್ಲಿ ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಹೋಗುತ್ತಿವೆ. ಸಾಹೇಬರು ಯಾವುದನ್ನೂ ಓದದೆ ಸಹಿ ಹಾಕುವುದರಿಂದ ಬಚಾವು.

ನನಗೆ ದೇವರ ಮೇಲೆ ಸಿಟ್ಟಿಲ್ಲ. ಅವರವರ ಮನೆ, ಅವರವರ ಜಗಲಿ. ಆದರೆ ಶಾಸ್ತ್ರಿಗಳ ದೇವರು ಅವರ ಮೇಜಿನಲ್ಲಿ ನಿಲ್ಲುವುದಿಲ್ಲ. ಬೆಳಗ್ಗೆ ಬಂದ ಕೂಡಲೇ ಮೊಬೈಲಿನಲ್ಲಿ ಸ್ತೋತ್ರ. ಪಕ್ಕದವರು ಫೋನಿನಲ್ಲಿ ಜಿಲ್ಲಾಧಿಕಾರಿ ಕಚೇರಿಯ ಜೊತೆ ಮಾತಾಡುತ್ತಿದ್ದರೂ ವಾಲ್ಯೂಮ್ ಇಳಿಯುವುದಿಲ್ಲ. ಆಮೇಲೆ ವಿಚಾರಣೆ. ನಿಮ್ಮ ಗೋತ್ರ ಯಾವುದು, ಮನೆದೇವರು ಯಾವುದು, ನಿನ್ನೆ ಷಷ್ಠಿ, ಡಬ್ಬಿಯಲ್ಲಿ ಮೊಟ್ಟೆ ತಂದಿದ್ರಂತೆ ಹೌದಾ. ಮೊಟ್ಟೆ ತಂದವನ ಡಬ್ಬಿ ಮರುದಿನದಿಂದ ಜೆರಾಕ್ಸ್ ಮಷಿನ್ ಪಕ್ಕದಲ್ಲಿ ಒಂಟಿಯಾಗಿ ತೆರೆಯುತ್ತದೆ.

ಡೇಟಾ ಎಂಟ್ರಿಗೆ ಹೊರಗುತ್ತಿಗೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ಜಾತಕ ತರಿಸಿಕೊಂಡು, ಕುಜದೋಷ ಇದೆಯೆಂದು ಎಲ್ಲರೆದುರಿಗೆ ಘೋಷಿಸಿ, ಇಂಥ ದೇವಸ್ಥಾನದಲ್ಲಿ ಇಂಥ ಶಾಂತಿ ಮಾಡಿಸು, ಇಷ್ಟು ಖರ್ಚಾಗುತ್ತದೆ, ನಾನೇ ಹೇಳಿ ಮಾಡಿಸಿಕೊಡುತ್ತೇನೆ ಎಂದರು. ಅವಳು ನಕ್ಕಳು, ಹೂಂ ಸಾರ್ ಅಂದಳು. ನಗದೆ ಏನು ಮಾಡುತ್ತಾಳೆ? ಮಾರ್ಚಿಗೆ ಅವಳ ಗುತ್ತಿಗೆ ಮುಂದುವರಿಸುವ ಟಿಪ್ಪಣಿ ಬರೆಯುವವರು ಅವರೇ. ಇದನ್ನೆಲ್ಲ ಶ್ರದ್ಧೆ ಅನ್ನುತ್ತಾರೆ, ಹಿರಿಯರ ಕಾಳಜಿ ಅನ್ನುತ್ತಾರೆ. ತಮ್ಮ ಕೈಕೆಳಗಿನ ಹುಡುಗಿಯ ಜಾತಕಕ್ಕೆ ಕೈ ಹಾಕುವುದು ದರ್ಬಾರು, ಅಷ್ಟೇ.

ಕಾನೂನು ಇಲ್ಲವೇ ಎಂದು ಕೇಳಬೇಡಿ. ಇದೆ. 2017ರ ಮೌಢ್ಯ ನಿಷೇಧ ಕಾಯ್ದೆ ಮಡೆಸ್ನಾನವನ್ನು ನಿಷೇಧಿಸಿತು. ಜ್ಯೋತಿಷ್ಯ, ವಾಸ್ತು ಸಲಹೆಗೆ ವಿನಾಯಿತಿ ಕೊಟ್ಟಿತು. ಮಸೂದೆ ಬರೆದ ಕಚೇರಿಯಲ್ಲೂ ಒಬ್ಬ ಶಾಸ್ತ್ರಿ ಇದ್ದಿರಬೇಕು.

ನ್ಯಾಯವಾಗಿ ಹೇಳಬೇಕೆಂದರೆ ನಮ್ಮಲ್ಲಿ ಸರ್ವಧರ್ಮ ಸಮನ್ವಯವಿದೆ. ಟಪಾಲು ಶಾಖೆಯವರೊಬ್ಬರು ಪ್ರತಿ ಡ್ರಾಯರಿನಲ್ಲೂ ಸುವಾರ್ತೆಯ ಕರಪತ್ರ ಇಟ್ಟು ಹೋಗುತ್ತಾರೆ. ಸ್ಟೇಪ್ಲರ್ ಪಿನ್ನು ಹುಡುಕಲು ಹೋದವನಿಗೆ ನರಕದ ಚಿತ್ರ ಸಿಗುತ್ತದೆ. ಸರ್ವೆಯ ಮಿತ್ರರೊಬ್ಬರು ವಿಚಾರವಾದಿ. ಗ್ರಹಣದ ದಿನ ಬೇಕಂತಲೇ ಬೋಂಡಾ ತಂದು ಪ್ರತಿಯೊಬ್ಬರ ಬಾಯಿಗೂ ತುರುಕಲು ಬರುತ್ತಾರೆ. ಬೇಡ, ನನಗೆ ಅಸಿಡಿಟಿ ಎಂದರೆ ‘ಒಳಗೊಳಗೇ ಹೆದರಿಕೆ, ಅಲ್ವಾ?’ ಎಂದು ಕಣ್ಣು ಕಿರಿದು ಮಾಡುತ್ತಾರೆ. ಅವರಿಗೂ ಶಾಸ್ತ್ರಿಗಳಿಗೂ ದಿನಾ ವಾಗ್ವಾದ. ಶಾಸ್ತ್ರಿಗಳು ಸಂವಿಧಾನದ 25ನೇ ವಿಧಿ ತೆಗೆಯುತ್ತಾರೆ, ಧರ್ಮ ಪ್ರಚಾರ ಮೂಲಭೂತ ಹಕ್ಕು. ಸರ್ವೆಯವರು 51ಎ(ಎಚ್) ತೆಗೆಯುತ್ತಾರೆ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಮೂಲಭೂತ ಕರ್ತವ್ಯ. ಅಂಬೇಡ್ಕರ್ ಫೋಟೊದ ಕೆಳಗೆ ನಿಂತು ಇಬ್ಬರೂ ಸಂವಿಧಾನವನ್ನು ಬಾಯಿಪಾಠ ಒಪ್ಪಿಸುವಾಗ ಕಣ್ತುಂಬಿ ಬರುತ್ತದೆ. ಕಡತ ಮಾತ್ರ ಎಲ್ಲಿತ್ತೋ ಅಲ್ಲೇ.

ಕಡತ ಅಂದೆನಲ್ಲ, ಮತ್ತೊಂದು ಮಂಗಳವಾರದ್ದನ್ನು ಹೇಳಿಬಿಡುತ್ತೇನೆ. ವಿಧವಾ ವೇತನದ ಅರ್ಜಿ ಹಿಡಿದು ಒಬ್ಬ ಹೆಂಗಸು ಬಂದಿದ್ದರು. ಗಂಡ ಸತ್ತು ಎಷ್ಟೋ ತಿಂಗಳಾಗಿದೆ, ಎಲ್ಲ ದಾಖಲೆ ಇದೆ, ಶಾಸ್ತ್ರಿಗಳ ಒಂದು ಸಹಿ ಬಿದ್ದರೆ ಕಡತ ಸಾಹೇಬರ ಮೇಜಿಗೆ ಹೋಗುತ್ತದೆ. ಮೂರು ಗಂಟೆಯಾಗಿ ಸ್ವಲ್ಪ ಹೊತ್ತಾಗಿತ್ತು. ಶಾಸ್ತ್ರಿಗಳ ದನಿಯಲ್ಲಿ ಜೇನು. ‘ನಾಲ್ಕೂವರೆ ಮೇಲೆ ಬಾರಮ್ಮ. ಈಗ ರಾಹುಕಾಲ, ಹಾಕಿದ್ರೆ ಒಳ್ಳೇದಾಗಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.’

‘ನಂಗೇನೂ ಒಳ್ಳೇದಾಗದ್ ಬ್ಯಾಡ ಕನ ಸಾಮಿ. ಸೈನ್ ಹಾಕ್ಬುಡಿ, ನಾಕ್ ಗಂಟೆಗೆ ನಮ್ಮೂರ್ ಬಸ್ಸು.’

ಸೈನ್ ಬೀಳಲಿಲ್ಲ. ಆಕೆ ಮೂರೂಮುಕ್ಕಾಲಿನವರೆಗೆ ಅಲ್ಲೇ ನಿಂತಿದ್ದು, ಅರ್ಜಿಯ ಪ್ಲಾಸ್ಟಿಕ್ ಕವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಅಂದಿನ ಕೂಲಿ ಹೋಯಿತು, ಇನ್ನೊಂದು ದಿನದ ಕೂಲಿಯೂ ಹೋಗುತ್ತದೆ. ಇಷ್ಟೆಲ್ಲ ತಿಂಗಳಿಗೆ 800 ರೂಪಾಯಿಗಾಗಿ. ಇಲ್ಲಿ ನನಗೆ ವಿಡಂಬನೆ ಹೊಳೆಯುವುದಿಲ್ಲ, ಕ್ಷಮಿಸಿ. ಸಾವಿರಾರು ರೂಪಾಯಿ ಸಂಬಳ ಎಣಿಸುವ ಒಬ್ಬ ಮನುಷ್ಯ, ಏನೂ ಇಲ್ಲದ ಒಬ್ಬ ಹೆಂಗಸಿನ ಹಣೆಬರಹ ಕೆಡುತ್ತದೆಂದು ನೆಪ ಹೇಳಿ ತನ್ನ ಒಂದೂವರೆ ಗಂಟೆಯ ಬಿಡುವು ಉಳಿಸಿಕೊಂಡ. ಆಕೆಯ ಹಣೆಬರಹವನ್ನು ಆ ಹೊತ್ತಿನಲ್ಲಿ ಕೆಡಿಸಿದ್ದು ರಾಹುವಲ್ಲ. ಆಕೆಯ ಹತ್ತಿರ ವಿಡಿಯೊ ಮಾಡುವ ಮೊಬೈಲೂ ಇರಲಿಲ್ಲ, ಇದ್ದಿದ್ದರೂ ಅದಕ್ಕೆ ಯಾವ ಸಚಿವರೂ ತನಿಖೆ ಮಾಡಿಸುತ್ತಿರಲಿಲ್ಲ. ಹಾವೇರಿಯ ಬಸ್ಸು ನಿಮಿಷಗಟ್ಟಲೆ ನಿಂತಿತ್ತು, ರಾಜ್ಯ ಉರಿದೆದ್ದಿತು. ನಮ್ಮ ಕೌಂಟರ್ ವಾರಕ್ಕೆ ಆರು ಗಂಟೆ ನಿಲ್ಲುತ್ತದೆ, ಅದು ಸಂಸ್ಕೃತಿ.

ಸಕಾಲ ಅಂತ ಒಂದು ಕಾಯ್ದೆ ಇದೆ, 2011ರದ್ದು. ನಿಗದಿತ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ರಾಹುಕಾಲ, ಯಮಗಂಡ, ಅಮಾವಾಸ್ಯೆ ಕಳೆದು ಉಳಿದ ದಿನ ಎಣಿಸತಕ್ಕದ್ದು ಎಂದು ಆ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಶಾಸ್ತ್ರಿಗಳಿಗೆ ಇದನ್ನು ತೋರಿಸಿದೆ. ‘ಇದೆಲ್ಲಾ ಬ್ರಿಟಿಷರ ಬುದ್ಧಿ ರೀ’ ಅಂದರು. 2011ರಲ್ಲಿ ಬ್ರಿಟಿಷರು ಎಲ್ಲಿದ್ದರು ಎಂದು ಕೇಳುವಷ್ಟರಲ್ಲಿ ನಾಲ್ಕೂವರೆಯಾಯಿತು, ಅವರು ಕಾಫಿಗೆ ಎದ್ದರು. ಕಾಯಕದ ಹೊತ್ತಿನಲ್ಲಿ ಲಿಂಗಪೂಜೆಯನ್ನೂ ಮರೆಯಬೇಕು ಎಂದು 12ನೇ ಶತಮಾನದಲ್ಲೇ ಇದೇ ನೆಲದ ಶರಣರು ಹೇಳಿದ್ದಾರಲ್ಲ ಎಂದೆ ಹಿಂದಿನಿಂದ. ‘ಅದು ಅವರ ಸಂಪ್ರದಾಯ’ ಅಂದರು ತಿರುಗಿ ನೋಡದೆ. ಬಸವ ಜಯಂತಿಯಂದು ಇದೇ ಕಚೇರಿಯಲ್ಲಿ ಕಾಯಕವೇ ಕೈಲಾಸ ಎಂದು ಭಾಷಣ ಮಾಡಿದವರು ಅವರೇ.

ಕೊನೆಗೆ ಸಾಹೇಬರ ಚೇಂಬರಿಗೆ ಹೋದೆ. ಸಾಹೇಬರು ಕೇಳಿಸಿಕೊಂಡರು, ತಲೆಯಾಡಿಸಿದರು. ಅವರ ಮೇಜು ಕಿಟಕಿ ಕಡೆಯಿಂದ ಗೋಡೆ ಕಡೆಗೆ ಬಂದು ಕೂತಿದ್ದು ಆಗ ಕಣ್ಣಿಗೆ ಬಿತ್ತು. ಬೆನ್ನಿಗೆ ನೈರುತ್ಯ. ಮೇಜಿನ ಮೇಲೆ ಒಂದು ಗಾಜಿನ ಲೋಟ, ಅದರಲ್ಲಿ ನೀರು, ನೀರಿನಲ್ಲಿ ಒಂದು ನಿಂಬೆಹಣ್ಣು. ‘ಒಳ್ಳೇ ಮನುಷ್ಯ ಕಣ್ರೀ ಅವರು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಬೇಕಾದ್ರೆ ಲಿಖಿತವಾಗಿ ಕೊಡಿ, ಎಸ್ಟಾಬ್ಲಿಷ್‌ಮೆಂಟ್‌ಗೆ ಮಾರ್ಕ್ ಮಾಡ್ತೀನಿ’ ಎಂದರು. ಎಸ್ಟಾಬ್ಲಿಷ್‌ಮೆಂಟ್ ಅಂದರೆ ಶಾಸ್ತ್ರಿಗಳು. ಅವರ ಮೇಲಿನ ದೂರಿಗೆ ಅವರೇ ಟಿಪ್ಪಣಿ ಬರೆದು, ‘ಪರಿಶೀಲಿಸಲಾಗಿ ದೂರಿನಲ್ಲಿ ಹುರುಳಿಲ್ಲವೆಂದು ಕಂಡುಬಂದಿರುತ್ತದೆ’ ಎಂದು ಮೇಲೆ ಕಳಿಸುತ್ತಾರೆ. ಅದಕ್ಕೆ ಮಾತ್ರ ಯಾವ ಕಾಲವೂ ಅಡ್ಡ ಬರಲಾರದು.

ಮೊನ್ನೆ ಪಟ್ಟಿ ಬಂತು. ಪೌರ್ಣಿಮೆಗೆ ಕಚೇರಿಯಲ್ಲಿ ಸತ್ಯನಾರಾಯಣ ಪೂಜೆ, ‘ಸ್ವಇಚ್ಛೆಯಿಂದ’ ತಲಾ 500 ರೂಪಾಯಿ. ಸ್ವಇಚ್ಛೆಯ ಮೊತ್ತ ಎಲ್ಲರಿಗೂ ಮೊದಲೇ ಟೈಪಾಗಿತ್ತು. ಸುವಾರ್ತೆಯವರ ಹೆಸರಿನ ಮುಂದೆಯೂ ಟಿಕ್, ಬೋಂಡಾ ವಿಚಾರವಾದಿಯ ಮುಂದೆಯೂ ಟಿಕ್. ಅವರ ಗಳಿಕೆ ರಜೆ ನಗದೀಕರಣದ ಕಡತ ಇನ್ನೂ ಮಂಜೂರಾಗಿಲ್ಲ. ಡೇಟಾ ಎಂಟ್ರಿ ಹುಡುಗಿ 501 ಕೊಟ್ಟಿದ್ದಳು. ಶಾಸ್ತ್ರಿಗಳು ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, ‘ನಿಮ್ಮ ಇನ್‌ಕ್ರಿಮೆಂಟ್ ಫೈಲ್ ನನ್ನ ಹತ್ರಾನೇ ಇದೆ, ಮರ್ತಿಲ್ಲ’ ಎಂದು ಪ್ರೀತಿಯಿಂದ ನಕ್ಕರು.

ಕೊಟ್ಟೆ. ಕೊಟ್ಟು, ರಸೀದಿ ಕೇಳಿದೆ.

‘ದೇವ್ರ ದುಡ್ಡಿಗೂ ರಸೀದಿ ಕೇಳ್ತೀರಲ್ರೀ’ ಅಂದರು ಶಾಸ್ತ್ರಿಗಳು, ಇಡೀ ಹಾಲಿಗೆ ಕೇಳುವ ಹಾಗೆ. ‘ನಿಮ್ಮಂಥೋರಿಂದಾನೇ ಮಳೆ ಬರ್ತಿಲ್ಲ.’