ಸತ್ಯಾಂಶ: ಕಾರಿನ ಬುಷ್‌ಗೆ ಇಂಜಿನ್ ಆಯಿಲ್ ಬಿಟ್ಟರೆ ಸದ್ದು ಹೋಗುತ್ತದೆಯೇ?

‘ಹಳೇ ಕಾರಿನ ಮುಂಭಾಗ ರಸ್ತೆಗುಂಡಿಯಲ್ಲಿ ಕಟಕಟ ಅಂದರೆ ಲೋವರ್ ಆರ್ಮ್ ಬುಷ್‌ಗೆ ಇಂಜಿನ್ ಆಯಿಲ್ ಬಿಡಿ, ಹೊಸದು ಬೇಕಿಲ್ಲ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಲೋವರ್ ಆರ್ಮ್ ಎಂದರೆ ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ಕೆಳಗಿನ ತೋಳು; ಅದು ಒಡಲಿಗೆ ಸೇರುವಲ್ಲಿರುವ ರಬ್ಬರ್ ಬಿಲ್ಲೆಯೇ ಬುಷ್. ಇದು ಬಾಗಿಲ ಕೀಲಿನಂತೆ ಉಜ್ಜಿಕೊಂಡು ತಿರುಗುವ ವಸ್ತುವಲ್ಲ. ಮಾರುತಿ 800ರಂಥ ಕಾರುಗಳಲ್ಲಿ ಅದರ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಚಕ್ರ ಮೇಲೆ ಕೆಳಗೆ ಆಡಿದಾಗ ತಾನೇ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ನೈಸರ್ಗಿಕ ರಬ್ಬರ್ ಊದಿ ಮೆತ್ತಗಾಗುತ್ತದೆ. ಕಿರುಗುಟ್ಟುವುದು ನಾಲ್ಕು ದಿನ ನಿಂತೀತು, ಸವೆತ ಮಾತ್ರ ಹೆಚ್ಚುತ್ತದೆ.

ಸದ್ದು ಬುಷ್‌ನದೇ ಎಂದೂ ಹೇಳಲಾಗದು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಟಕ್ ಎಂದು ಸಡಿಲ ಆಟ ಸಿಕ್ಕರೆ ಬಾಲ್ ಜಾಯಿಂಟ್ (ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಗುಂಡುಕೀಲು) ಅಥವಾ ವೀಲ್ ಬೇರಿಂಗ್ (ಚಕ್ರ ಸರಾಗವಾಗಿ ತಿರುಗಲು ಇರುವ ಭಾಗ) ನೋಡಬೇಕು. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ, ತಡಮಾಡಬೇಡಿ.

ಮನೆಯಲ್ಲೇ ಬದಲಿಸುವವರು ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗಬಾರದು, ಕಾರಿನ ಭಾರ ಹೊರುವ ಸ್ಟ್ಯಾಂಡ್ ಇಡಲೇಬೇಕು. ಇನ್ನೊಂದು, ಬಹಳಷ್ಟು ಜನ ತಪ್ಪುವುದು ಇಲ್ಲೇ: ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಕೊಡುವಾಗ ಕಾರಿನ ಭಾರ ಚಕ್ರದ ಮೇಲಿರಬೇಕು. ಚಕ್ರ ಜೋತಾಡುವಾಗಲೇ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ.